ಪಾಳಿಯ ಮೋಟಾರು

ಕೊಲ್ಹಾಪುರದ ಬಸ್ಸಿನಿಂದ ಇಳಿದು ಶಾಲನ ತನ್ನ ಓಣಿಗೆ ತಿರುಗುವಷ್ಟರಲ್ಲೇ ಅಂಗಳದ ಜಗಳ ಕಿವಿಗೆ ಬಿತ್ತು. ಜಗಳದ ಕೆಳಗೆ ಇನ್ನೊಂದು ಸದ್ದಿತ್ತು. ಟಕಟಕ, ಟಕಟಕ. ಅಪ್ಪನ ಮೋಟಾರಿನದು. ಅಪ್ಪ ಬದುಕಿದ್ದಾಗ ಆ ಗಾಡಿ ಹೀಗೆ ಹಲ್ಲು ಕಡಿದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಅವ್ವ ರಾಜಮತಿ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಒಂದು ಕಣ್ಣು ಯಾವತ್ತೋ ಹೋಗಿತ್ತು. ಉಳಿದ ಒಂದರ ಪೊರೆ ತೆಗೆದಿದ್ದರು. ಸೋಮವಾರ ಮನೆಗೆ ಕರೆದುಕೊಂಡು ಹೋಗಿ, ಆದರೆ ಬಸ್ಸು ಬೇಡ, ಚಕ್ಕಡಿಯಂತೂ ಬೇಡವೇ ಬೇಡ, ಕುಲುಕಾಡಿದರೆ ಹೊಲಿಗೆ ಬಿಚ್ಚಿ ಈ ಕಣ್ಣೂ ಹೋಗುತ್ತದೆ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದ್ದರು. ಮನೆಯಲ್ಲಿ ಮೋಟಾರು ಇದೆಯಲ್ಲ ಎಂದು ಕೇಳಿದ್ದರು. ಶಾಲನ ತಲೆ ತಗ್ಗಿಸಿಕೊಂಡೇ “ಆಹೇ”, ಇದೆ, ಎಂದಿದ್ದಳು. ಚಿಕ್ಕಮ್ಮ ಅಕ್ಕವ್ವನನ್ನು ಅವ್ವನ ಬಳಿ ಕೂಡಿಸಿ, ಗಾಡಿ ತರಿಸಲು ಇಂಚಲಕರಂಜಿಗೆ ಬಂದಿದ್ದಳು.

ಬಂದು ನೋಡಿದರೆ ಗಾಡಿಯ ಬಾಯಿ ತೆರೆದಿತ್ತು. ಅದರ ಈ ಕಡೆ ಒಬ್ಬ ಅಣ್ಣ, ಆ ಕಡೆ ಒಬ್ಬ ಅಣ್ಣ.

“ಕೆಳಗ ಬೇರಿಂಗ ಹೋಗೇತಿ. ನಿನ್ನ ಪಾಳ್ಯಾಗ ಹೋಗೇತಿ, ನೀನ ಮಾಡಸು,” ಎನ್ನುತ್ತಿದ್ದ ಹಿರಿಯ ಅಣ್ಣಾಸಾಹೇಬ.

“ಅಮಾಸಿಗೆ ನೀ ನನ್ನ ಕೈಯಾಗ ಕೊಟ್ಟಾಗನ ಹೋಗಿತ್ತ ಅದು!” ಎಂದು ಬಾಳಗೊಂಡ ಒದರಿದ. ಮಗ್ಗಗಳ ನಡುವೆ ದಿನವೆಲ್ಲ ನಿಂತು ಅವನ ಕಿವಿ ಮಂದವಾಗಿತ್ತು. ಅವನು ಮೆಲ್ಲಗೆ ಮಾತಾಡಿದರೂ ಓಣಿಗೆಲ್ಲ ಕೇಳುತ್ತಿತ್ತು, ಇವತ್ತು ಮೆಲ್ಲಗೆ ಮಾತಾಡುವ ಮನಸ್ಸೂ ಇರಲಿಲ್ಲ.

“ಕೆಟ್ಟದ್ದ ಇದ್ದರ ನೀ ಯಾಕ ತಗೊಂಡಿ? ಕಣ್ಣ ಇರಲಿಲ್ಲೇನ?”

“ನಿನ್ನ ಮ್ಯಾಲೆ ವಿಶ್ವಾಸ ಇಟ್ಟೆ, ಅದ ತಪ್ಪಾತು.”

ಅಪ್ಪ ತೀರಿದ ಮೇಲೆ ಇಬ್ಬರೂ ವಾಟಣಿ, ಆಸ್ತಿಯ ಪಾಲು, ಮಾಡಿಕೊಂಡಿದ್ದರು. ಶಿರೋಳದ ಕಡೆಯ ಕಬ್ಬಿನ ಹೊಲ ಅಣ್ಣಾಸಾಹೇಬನಿಗೆ, ಶಹಾಪುರದ ಮಗ್ಗಗಳು ಬಾಳಗೊಂಡನಿಗೆ. ಹಿತ್ತಲ ಬಾವಿಯನ್ನು ಒಡೆಯಲಾಗಲಿಲ್ಲ, ಅದು ಪಾಳಿಗೆ ಬಿತ್ತು. ಮೋಟಾರನ್ನೂ ಒಡೆಯಲಾಗಲಿಲ್ಲ. ಅದಕ್ಕೂ ಬಾವಿಯದೇ ಕಾಯಿದೆ. ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ಹಿರಿಯನದು, ಅಲ್ಲಿಂದ ಹುಣ್ಣಿಮೆವರೆಗೆ ಕಿರಿಯನದು. ಬಾವಿಯಲ್ಲಿ ಪಾಳಿ ಮುಗಿದವನು ತನ್ನ ಹಗ್ಗ, ಕೊಡ ಎತ್ತಿಕೊಂಡು ಹೋಗುವ ಹಾಗೆ, ಇಲ್ಲಿ ಪಾಳಿ ಮುಗಿದವನು ತನ್ನ ಬ್ಯಾಟರಿ ಬಿಚ್ಚುತ್ತಿದ್ದ, ಟಾಕಿಗೆ ನಳಿಗೆ ಬಿಟ್ಟು ಉಳಿದ ಪೆಟ್ರೋಲು ಎಳೆದುಕೊಳ್ಳುತ್ತಿದ್ದ. ಅಪ್ಪನ ಗಾಡಿಗೆ ಉಳಿಯುತ್ತಿದ್ದದ್ದು ಖಾಲಿ ಹೊಟ್ಟೆ. ಅವ್ವ ಮತ್ತು ಶಾಲನ ಯಾರ ಪಾಲಿಗೂ ಪೂರ್ತಿ ಬರದೆ ನಡುಮನೆಯಲ್ಲಿ ಉಳಿದಿದ್ದರು.

“ಸೋಮವಾರ ಅವ್ವನ್ನ ಬಿಡತಾರಂತ,” ಎಂದಳು ಶಾಲನ. ಯಾರಿಗೂ ಕೇಳಲಿಲ್ಲ.

ಮತ್ತೊಮ್ಮೆ ಹೇಳಿದಳು. ಅಣ್ಣಾಸಾಹೇಬ ತಿರುಗಿ, “ಪಾಳಿ ಇವಂದ ಐತಿ, ಇವನ್ನ ಕೇಳು,” ಎಂದ. ಬಾಳಗೊಂಡ, “ಮುರದದ್ದು ಅವ ಮಾಡಸಲಿ, ನಾ ಈಗಿಂದೀಗ ತಗೊಂಡ ಹೋಗತೇನಿ,” ಎಂದ. ಮತ್ತೆ ಬೇರಿಂಗಿಗೇ ಹತ್ತಿದರು.

ಶಾಲನಳಿಗೆ ಸಿಟ್ಟು ಬಂತು. ಏಳನೇ ಇಯತ್ತೆಗೆ ಶಾಲೆ ಬಿಡಿಸಿದಾಗ ಅವಳು ಸಿಟ್ಟಾಗಿರಲಿಲ್ಲ, ಅತ್ತಿದ್ದಳು ಅಷ್ಟೆ. ವಾಟಣಿಯ ದಿನ ಹಿರಿಯರು ತಾಟು ತಂಬಿಗೆ ಎಣಿಸುವಾಗಲೂ ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದಳು. ಇವತ್ತು ನಿಲ್ಲಲಿಲ್ಲ. ಒಳಗೆ ಹೋಗಿ ಲಟ್ಟಣಿಗೆ ತಂದಳು.

“ಏ ಶಾಲೂ, ಹೊಡಿಯಾಕ ಬಂದೇನ?” ಎಂದು ಬಾಳಗೊಂಡ ನಕ್ಕ.

ಗಾಡಿಯ ಸದ್ದು ಕೇಳಲು ಅಪ್ಪ ಇದೇ ಲಟ್ಟಣಿಗೆಯನ್ನು ಅಡುಗೆಮನೆಯಿಂದ ಎತ್ತಿಕೊಂಡು ಬರುತ್ತಿದ್ದ. ಅವ್ವ ಹಿಂದಿನಿಂದ ಬೈಯುತ್ತಲೇ ಇರುತ್ತಿದ್ದಳು. ಶಾಲನ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಈಗ ಅವಳು ಲಟ್ಟಣಿಗೆಯ ಒಂದು ತುದಿಯನ್ನು ಎಂಜಿನ್ನಿನ ಕೆಳಹೊಟ್ಟೆಗೆ ಇಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದಳು. ಕೆಳಗಿನ ಸದ್ದು ಒರಟಾಗಿತ್ತು, ಆದರೆ ಬೇರಿಂಗು ಹೋದರೆ ಬರುವ ಧಪ್ ಧಪ್ ಇರಲಿಲ್ಲ. ಮೇಲಿನ ಮುಚ್ಚಳಕ್ಕೆ ಇಟ್ಟಳು. ಕಿವಿಗೇ ಸುತ್ತಿಗೆ ಬಡಿದ ಹಾಗಾಯಿತು. ಮೇಲೆ, ಕವಾಟಗಳನ್ನು ಒತ್ತುವ ಟ್ಯಾಪೆಟ್ಟುಗಳಲ್ಲಿ, ಒಣ ಕಬ್ಬಿಣಕ್ಕೆ ಒಣ ಕಬ್ಬಿಣ ಬಡಿಯುತ್ತಿತ್ತು.

“ಬಂದ ಮಾಡ್ರಿ,” ಎಂದಳು. ಬಾಳಗೊಂಡ ಎಂಜಿನ್ನು ಬಂದ್ ಮಾಡಿದ. ಸ್ವಲ್ಪ ಹೊತ್ತು ಬಿಟ್ಟು ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಸೆರಗಿಗೆ ಒರೆಸಿದಳು, ಮತ್ತೆ ಇಳಿಸಿ ಎಳೆದಳು. ಕಡ್ಡಿ ತುದಿಯವರೆಗೆ ಒಣಗಿತ್ತು.

“ಎಣ್ಣಿ ಎಲ್ಲಿ?”

ಅಣ್ಣಾಸಾಹೇಬ ಮುಂದೆ ಬಂದ. “ಅದು ನಂದ. ಹ್ವಾದ ಪಾಳ್ಯಾಗ ಹೊಸಾದ ಹಾಕಿದ್ದೆ. ಅಮಾಸಿಗೆ ತಕ್ಕೊಂಡೇನಿ. ಡಬ್ಬ್ಯಾಗ ಐತಿ, ಮಂಚದ ಕೆಳಗ.”

“ನನಗ ಹೇಳಲಿಲ್ಲ!”

“ಪೆಟ್ರೋಲ ತಗಿಯೂದ ಹೇಳಿ ತಗೀತೀವೇನ? ನೀ ನಿಂದ ಹಾಕ್ಕೋಬೇಕು.”

“ನಂದೂ ಡಬ್ಬಿ ಐತಿ. ನಿಂದ ಮುಗದ ಮ್ಯಾಲೆ ಹಾಕಬೇಕಂತ ಇಟ್ಟೇನಿ.”

ಹೇಳಿ ಮುಗಿಸಿದ ಮೇಲೆ ಇಬ್ಬರೂ ಆ ಒಣಗಿದ ಕಡ್ಡಿಯನ್ನು ನೋಡಿದರು. ಎಣ್ಣೆಯಿಲ್ಲದ ಎಂಜಿನ್ನನ್ನು ಬಾಳಗೊಂಡ ಶಹಾಪುರಕ್ಕೆ ಓಡಿಸಿ ತಂದಿದ್ದ. ತಳದಲ್ಲಿ ಅಂಟಿ ಉಳಿದ ಒಂದಿಷ್ಟರಿಂದಲೇ ಅದು ಇನ್ನೂ ಜೀವ ಹಿಡಿದಿತ್ತು.

“ಈಗ ಯಾರ ಎಣ್ಣಿ ಹಾಕೂದು?” ಎಂದ ಅಣ್ಣಾಸಾಹೇಬ.

ಶಾಲನ ಲಟ್ಟಣಿಗೆಯನ್ನು ಮಡ್ಗಾರ್ಡಿನ ಮೇಲೆ ಧಡ್ಡನೆ ಬಡಿದಳು. ಕಪ್ಪು ಬಣ್ಣ ಎದ್ದುಹೋಯಿತು.

“ಯಾರ ಎಣ್ಣಿ? ಯಾರ ಎಣ್ಣಿ ಅಂತೀಯಾ ದಾದಾ? ಅಲ್ಲಿ ಅವ್ವ ಕಣ್ಣ ಕಟಗೊಂಡ ಮಲಗ್ಯಾಳ! ‘ನನ್ನ ಮಕ್ಕಳ ಮೋಟಾರ ತಗೊಂಡ ಬರತಾರ’ ಅಂತ ಬಾಜೂದ ಖಾಟಿನವರಿಗೆಲ್ಲಾ ಹೇಳ್ಯಾಳ! ನಿಮಗ ಎಣ್ಣಿ ಬೇಕ ಎಣ್ಣಿ! ಅಕಿಗೆ ಎರಡ ಕಣ್ಣ ಇದ್ದಿದ್ದರ ಅದನ್ನೂ ಒಂದೊಂದ ವಾಟಣಿ ಮಾಡಕೊಂಡಿರ್ತಿದ್ದಿರಿ!”

ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದ ಅಣ್ಣಾಸಾಹೇಬನ ಹೆಂಡತಿ, ಹಿರಿಯ ವೈನಿಯ ಕೈಯಿಂದ ಮೊರ ಜಾರಿತು. ಶಾಲನ ಇಷ್ಟು ದೊಡ್ಡ ದನಿ ಎಲ್ಲಿಟ್ಟುಕೊಂಡಿದ್ದಳೋ ಯಾರಿಗೂ ತಿಳಿಯಲಿಲ್ಲ. ಅವಳಿಗೇ ತಿಳಿಯಲಿಲ್ಲ.

ಅವಳು ಅಲ್ಲಿ ನಿಲ್ಲಲಿಲ್ಲ. ಹಿರಿಯನ ಕೋಣೆಗೆ ನುಗ್ಗಿ ಮಂಚದ ಕೆಳಗಿನ ಡಬ್ಬಿ ಎಳೆದಳು. ಕಿರಿಯನ ಪಡಸಾಲೆಯಿಂದ ಇನ್ನೊಂದು ಎತ್ತಿಕೊಂಡಳು. ಎರಡನ್ನೂ ಅಂಗಳದಲ್ಲಿ ಒಂದೇ ಬಕೆಟ್ಟಿಗೆ ಸುರಿದಳು.

“ಏ, ಏ, ಏನ ಮಾಡಾಕತ್ತಿ!” ಎಂದು ಇಬ್ಬರೂ ಬಂದರು.

ಶಾಲನ ಸೌಟಿನಿಂದ ಗರಗರ ತಿರುವಿದಳು. “ಈಗ ತಗೋರಿ ನಿಮ್ಮ ನಿಮ್ಮದು. ಯಾವದ ಯಾರದಂತ ಆರಿಸಿ ತಗೋರಿ, ನೋಡತೇನಿ.”

ಯಾರೂ ಕೈ ಹಾಕಲಿಲ್ಲ. ಗಾಡಿಗೆ ಬೇಕಾದಷ್ಟನ್ನು ಅವಳೇ ಸೋಸಿ ಹಾಕಿದಳು, ಕಡ್ಡಿಯಲ್ಲಿ ಗುರುತಿನವರೆಗೆ ಬಂದದ್ದನ್ನು ಇಬ್ಬರ ಮುಖಕ್ಕೂ ಹಿಡಿದು ತೋರಿಸಿದಳು. ಚಾಲು ಮಾಡಿದಾಗ ಮೊದಲು ಅದೇ ಟಕಟಕ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೇರಿ ಸದ್ದು ಒಂದೊಂದಾಗಿ ಅಡಗಿತು. ಒಂದು ಮಾತ್ರ ಉಳಿಯಿತು. ಲಟ್ಟಣಿಗೆ ಇಟ್ಟು ಅದು ಯಾವುದೆಂದು ಹಿಡಿದಳು. ಎಂಜಿನ್ನು ಬಂದ್ ಮಾಡಿಸಿ, ಆರಿದ ಮೇಲೆ ಮುಚ್ಚಳ ಬಿಚ್ಚಿಸಿದಳು. ಆ ಟ್ಯಾಪೆಟ್ಟಿನ ಸಂದು ಸವೆದು ಅಗಲವಾಗಿತ್ತು.

ಅದನ್ನು ಬಿಗಿ ಮಾಡಲು ಒಬ್ಬರು ಸ್ಕ್ರೂ ಹಿಡಿಯಬೇಕು, ಒಬ್ಬರು ನಟ್ಟು ತಿರುವಬೇಕು. ಅಪ್ಪ ಒಬ್ಬನೇ ಮಾಡುತ್ತಿದ್ದ, ಅವಳ ಕೈಯಲ್ಲಿ ಅಷ್ಟು ಬಲವಿರಲಿಲ್ಲ. “ದಾದಾ, ಇದನ್ನ ಹಿಡಿ. ಬಾಳಣ್ಣಾ, ನೀ ತಿರುವು,” ಎಂದಳು. ವಾಟಣಿಯಾದ ಮೇಲೆ ಇಬ್ಬರ ಕೈ ಒಂದೇ ಕೆಲಸಕ್ಕೆ ಹತ್ತಿರಲಿಲ್ಲ. ಹಿಡಿದರು, ತಿರುವಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಂದಿನಲ್ಲಿ ಅಳತೆಯ ಗೇಜಿನ ಪಟ್ಟಿ ಬಿಗಿಯಾಗಿ ಜಾರುವವರೆಗೆ ಶಾಲನ ಬಿಡಲಿಲ್ಲ.

ಸೋಮವಾರ ಬಾಳಗೊಂಡ ಗಾಡಿ ತೆಗೆದಾಗ ಅಣ್ಣಾಸಾಹೇಬ ಓಡಿಬಂದು ಮುಂದೆ ಕೂತ. “ಅದರಾಗ ನನ್ನ ಎಣ್ಣೀನೂ ಐತಿ,” ಎಂದ. ಹಿಂದೆ ಕೂತಿದ್ದ ಶಾಲನ ಕಿಟಕಿಯ ಕಡೆ ಮುಖ ತಿರುವಿದಳು. ಉಗುಳಬೇಕೆನ್ನಿಸಿತ್ತು.

ಆಸ್ಪತ್ರೆಯ ಮೆಟ್ಟಿಲಲ್ಲಿ ಅವ್ವ ಕೈ ಚಾಚಿ ತಡಕಿದಳು. ಒಂದು ಕೈಗೆ ಹಿರಿಯನ ಅಂಗಿ ಸಿಕ್ಕಿತು, ಇನ್ನೊಂದಕ್ಕೆ ಕಿರಿಯನದು.

“ಇಬ್ಬರೂ ಬಂದೀರೇನ? ಕೂಡೇ ಬಂದೀರೇನ?” ಅವಳಿಗೆ ಅಳು ಬಂತು. “ಶಾಲೂ, ನೋಡಿದ್ಯಾ? ನಾ ಹೇಳಿರಲಿಲ್ಲ?”

ಶಾಲನಳ ಬಾಯಿಗೆ ಎಲ್ಲವೂ ಬಂತು, ಡಬ್ಬಿ, ಮಂಚ, ಅಮಾವಾಸ್ಯೆ, ಎಲ್ಲ. ಅವ್ವನ ತೋಳು ಹಿಡಿದಿದ್ದ ನರ್ಸಬಾಯಿ, “ಅಳಬ್ಯಾಡ್ರಿ ಆಜೀ, ಕಣ್ಣೀರ ಬಂದ್ರ ಹೊಲಿಗಿ ಕೆಡತಾವ,” ಎಂದಳು.

“ಹೌದವ್ವಾ,” ಎಂದಳು ಶಾಲನ. “ಕೂಡೇ ಬಂದಾರ.”

ಅಕ್ಕವ್ವನನ್ನು ಬಸ್ಸಿಗೆ ಕಳಿಸಿ, ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಮೆಲ್ಲಗೆ ಹೊರಟಿತು. ಎಂಜಿನ್ನಿನ ಸದ್ದು ಸಮವಾಗಿತ್ತು. ಮುಂದೆ ಕೂತ ಎರಡು ಕುತ್ತಿಗೆಗಳನ್ನು ನೋಡುತ್ತ ಶಾಲನ ಇಡೀ ದಾರಿ ಕಚ್ಚಿದ ಹಲ್ಲು ಸಡಿಲಿಸಲಿಲ್ಲ. ಅವ್ವನ ತಲೆ ಅಲುಗದಂತೆ ಹಿಡಿದ ಕೈ ಮಾತ್ರ ಮೆತ್ತಗಿತ್ತು.