ಅಕ್ಕನ ಸಹಿ

"ಕೈ ಹಿಂದೆ," ಎಂದರು ಮೇಡಂ. ಹನ್ನೆರಡು ಹುಡುಗಿಯರೂ ಎರಡು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕಂಪ್ಯೂಟರಿನ ಮುಂದೆ ಕೂತಿದ್ದ ತಂತಮ್ಮ ಮನೆಯ ಹೆಂಗಸರ ಹಿಂದೆ ನಿಂತರು. ಆ ತರಗತಿಯಲ್ಲಿ ಕಟ್ಟುನಿಟ್ಟಾಗಿ ನಡೆಯುತ್ತಿದ್ದ ನಿಯಮ ಅದೊಂದೇ. ಕಲಿಸುವವಳು ಕಲಿಯುವವಳ ಮೌಸನ್ನಾಗಲಿ ಕೀಬೋರ್ಡನ್ನಾಗಲಿ ಮುಟ್ಟಬಾರದು. ಬಾಯಲ್ಲಿ ಹೇಳಬೇಕು, ಆಮೇಲೆ ಕಾಯಬೇಕು. ಎಲ್ಲಕ್ಕೂ ತಾನೇ ಕೈ ಹಾಕಿ ಮಾಡಿ ಮುಗಿಸುವವಳು ಮುಂದಾಳಾಗುವುದಿಲ್ಲ, ಕೊನೆತನಕ ಕೆಲಸದವಳಾಗಿಯೇ ಉಳಿಯುತ್ತಾಳೆ ಎಂದು ಮೇಡಂ ಆರು ತಿಂಗಳಿಂದ ಹೇಳಿ ಹೇಳಿ ಹುಡುಗಿಯರಿಗೆ ಬಾಯಿಪಾಠವಾಗಿತ್ತು.

ಮೂರನೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಅಕ್ಕನಿಗೆ ಆ ಮಾತು ಹಿಡಿಸಲಿಲ್ಲ. ಕೆಲಸದವರಾಗಿ ಉಳಿದವರು ಇದೇ ಕೋಣೆಯಲ್ಲಿ ಹನ್ನೆರಡು ಜನ ಕೂತಿದ್ದೇವೆ, ಸ್ವಲ್ಪ ನೋಡಿಕೊಂಡು ಮಾತಾಡಬಾರದೆ ಎಂದುಕೊಂಡಳು. ಉಳಿದ ಹುಡುಗಿಯರ ಕಡೆಯಿಂದ ತಾಯಂದಿರು ಬಂದಿದ್ದರು, ಒಬ್ಬಳಿಗೆ ಅಜ್ಜಿ. ಈ ಅಕ್ಕತಂಗಿಯರ ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಶನಿವಾರವೂ ಪಾಳಿ. ಹಾಗಾಗಿ ಅಕ್ಕನೇ ಟೈಲರ್ ಅಂಗಡಿಯ ಮಾಸ್ಟರ್ ಹತ್ತಿರ ಅರ್ಧ ದಿನ ರಜೆ ಕೇಳಿ ಬಂದಿದ್ದಳು. ಅವಳ ತೊಡೆಯ ಮೇಲಿದ್ದ ಚೀಲದಲ್ಲಿ ಒಂದು ಫಾರಂ ಇತ್ತು. ಅದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

ಫಾರಂ ಬಂದದ್ದು ಸೋಮವಾರ. ಬೇರೆ ಊರಿನಲ್ಲಿ ಹತ್ತು ದಿನದ ಶಿಬಿರ, ಪ್ರತಿ ಶಾಲೆಯಿಂದ ಒಬ್ಬಳೇ ಹುಡುಗಿ. ಸಭೆ ನಡೆಸುವುದು, ಜಗಳ ಬಗೆಹರಿಸುವುದು, ಬೇಡವಾದದ್ದಕ್ಕೆ ಬೇಡ ಎನ್ನುವುದು, ಕಂಪ್ಯೂಟರಿನಲ್ಲಿ ಅರ್ಜಿ ಬರೆಯುವುದು, ಪಟ್ಟಿ ಮಾಡುವುದು ಇವನ್ನೆಲ್ಲ ಕಲಿತು ಬಂದವಳು ಮುಂದಿನ ವರ್ಷ ಶಾಲೆಯ ಹುಡುಗಿಯರಿಗೆಲ್ಲ ಮುಂದಾಳು. ಒಂಬತ್ತನೆಯ ತರಗತಿಯಲ್ಲಿದ್ದ ತಂಗಿಯನ್ನು ಮೇಡಂ ಆರಿಸಿದ್ದರು. ಅಮ್ಮ ಫಾರಂ ಅನ್ನು ತಿರುಗಿಸಿ ಮುರುಗಿಸಿ ನೋಡಿ, ಇದೆಲ್ಲ ನನಗೆಲ್ಲಿ ತಿಳಿಯುತ್ತದೆ, ಓದಿದವಳು ನೀನು, ಸರಿ ಅನ್ನಿಸಿದರೆ ನೀನೇ ಸಹಿ ಹಾಕು ಎಂದು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ದಿನಕ್ಕೆ ನಾಲ್ಕು ಸಲ ತೆಗೆದು ಓದಿದಳು, ನಾಲ್ಕು ಸಲವೂ ಮಡಿಸಿ ಒಳಗಿಟ್ಟಳು. ತಂಗಿ ಕೇಳಿದಾಗಲೆಲ್ಲ "ನೋಡೋಣ" ಎಂದಳು. ಗುರುವಾರದ ಹೊತ್ತಿಗೆ ತಂಗಿ ಕೇಳುವುದನ್ನು ನಿಲ್ಲಿಸಿದಳು.

ಸಹಿ ಹಾಕದಿರುವುದಕ್ಕೆ ಅಕ್ಕ ತನಗೆ ತಾನೇ ಬೇಕಾದಷ್ಟು ಕಾರಣ ಹೇಳಿಕೊಂಡಿದ್ದಳು. ಗೊತ್ತಿಲ್ಲದ ಊರು, ಹೆಣ್ಣುಮಗು, ಹತ್ತು ದಿನದ ಪಾಠ ತಪ್ಪುತ್ತದೆ. ಒಂದೂ ನಿಜವಲ್ಲ. ನಿಜವಾದದ್ದು ಹೊಟ್ಟೆಕಿಚ್ಚು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದರಿಂದ ಅದು ಇನ್ನಷ್ಟು ಉರಿಯುತ್ತಿತ್ತು. ಹತ್ತನೆಯ ತರಗತಿಯಲ್ಲಿ ಅವಳು ಶಾಲೆಗೇ ಎರಡನೆಯವಳು. ಆ ವರ್ಷ ಅಮ್ಮನಿಗೆ ಆಪರೇಷನ್ ಆಯಿತು. ಮೂರು ತಿಂಗಳ ಮಟ್ಟಿಗೆ ಅಂತ ಗುಂಡಿ ಹೊಲಿಯಲು ಹೋದವಳು, ಐದು ವರ್ಷವಾದರೂ ಗುಂಡಿ ಹೊಲಿಯುತ್ತಲೇ ಇದ್ದಳು. ಆಗ ಯಾವ ಮೇಡಂ ಕೂಡ ಅವಳ ಮುಂದೆ ಒಂದು ಫಾರಂ ಹಿಡಿದಿರಲಿಲ್ಲ.

ತಂಗಿ ಜಂಬದ ಹುಡುಗಿಯಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅದಕ್ಕೂ ಅವಳು ಅವಕಾಶ ಕೊಡುತ್ತಿರಲಿಲ್ಲ. ಊಟಕ್ಕೆ ಕೂತರೆ ಮೇಡಂ ಹೀಗಂದರು, ಮೇಡಂ ಹಾಗಂದರು. ಅಕ್ಕ ನಡುವೆ ಬಾಯಿ ಹಾಕಿದರೆ, "ನನ್ನ ಮಾತು ಮುಗೀಲಿ ಅಕ್ಕ, ಆಮೇಲೆ ನೀನು ಹೇಳು, ಕೇಳ್ತೀನಿ" ಎನ್ನುತ್ತಿದ್ದಳು. ಅದೂ ನಗುನಗುತ್ತ. ಎದುರುತ್ತರ ಕೊಟ್ಟಿದ್ದರೆ ತಲೆಗೊಂದು ಮೊಟಕಬಹುದಿತ್ತು. ಇಷ್ಟು ಮರ್ಯಾದೆಯಿಂದ ಮಾತಾಡುವವಳನ್ನು ಏನು ಮಾಡುವುದು? ಅಮ್ಮನೂ ಬಾಯಿ ಬಿಟ್ಟುಕೊಂಡು ಕಿರಿಯವಳ ಮಾತನ್ನೇ ಕೇಳುತ್ತಿದ್ದಳು. ಅಕ್ಕ ಅನ್ನವನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಿದ್ದಳು.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗಿಯರು ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ಬೆರಳು ಪಳಗಿಸಬೇಕೆಂದು ಮೇಡಂ ಹೇಳಿದ್ದರು. ತಂಗಿ ಅಂಗಿಯ ಡಬ್ಬಿಯ ರಟ್ಟು ಕತ್ತರಿಸಿ, ಅಕ್ಕ ಅಂಗಡಿಯಿಂದ ತಂದಿದ್ದ ಕೋಟಿನ ಗುಂಡಿಯನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆದು ಒಂದೊಂದೇ ಅಕ್ಷರದ ಮನೆ ಮಾಡಿದಳು. ಕೋಟಿನ ಗುಂಡಿ ದೊಡ್ಡದು. ಮನೆಗಳೂ ದೊಡ್ಡವಾದವು. ರಟ್ಟಿನ ಮೇಲೆ ಪಳಗಿದ ಅವಳ ಬೆರಳುಗಳು ಶಾಲೆಯ ಕೀಬೋರ್ಡಿನ ಮೇಲೆ ಒಂದು ಅಕ್ಷರ ದಾಟಿ ಆಚೆ ಹೋಗಿ ಬೀಳುತ್ತಿದ್ದವು. ಕೋಳಿ ಕೆದಕಿದ ಹಾಗೆ ಬೆರಳು ಅಗಲಿಸಬೇಡ ಎಂದು ಮೇಡಂ ತಿಂಗಳುಗಟ್ಟಲೆ ಛೇಡಿಸಿದ ಮೇಲೆ ಆ ಚಟ ಬಿಟ್ಟಿತ್ತು. ಆ ರಟ್ಟನ್ನು ನೋಡಿ ಅಕ್ಕ, ಇದರಲ್ಲಿ ಟೈಪು ಮಾಡಿದರೆ ಪತ್ರ ಯಾವ ಊರಿಗೆ ಹೋಗುತ್ತದೆ ಎಂದು ಮೂಗು ಮುರಿದಿದ್ದಳು.

ಈಗ ಶಾಲೆಯ ಕೋಣೆಯಲ್ಲಿ ತಂಗಿ ಹಿಂದಿನಿಂದ ಮೆಲ್ಲಗೆ ಹೇಳತೊಡಗಿದಳು. ಮೊದಲು ಮೌಸು ಹಿಡಿಯುವುದು, ಆಮೇಲೆ ಬಿಳಿ ಹಾಳೆ ತೆರೆಯುವುದು. ಅಕ್ಕಪಕ್ಕದಲ್ಲಿ ಗಲಾಟೆಯೋ ಗಲಾಟೆ. ಅಜ್ಜಿ ಮೌಸನ್ನು ಎತ್ತಿ ಪರದೆಗೆ ಒತ್ತುತ್ತಿದ್ದಳು, ಮೊಮ್ಮಗಳು ಕೈ ಬಿಚ್ಚಲಾಗದೆ ನಿಂತಲ್ಲೇ ಕುಣಿಯುತ್ತಿದ್ದಳು. ಪಕ್ಕದ ಕುರ್ಚಿಯ ಇಸ್ತ್ರಿ ಅಂಗಡಿಯವಳು ಒಂದೇ ಬೆರಳಿನಿಂದ, ಬಿಸಿ ಇದೆಯೋ ಎಂದು ನೋಡುವವಳಂತೆ, ಅಕ್ಷರಗಳನ್ನು ಮುಟ್ಟಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಕನ್ನಡಕದ ಮಗಳು ಅದೇ ಮಾತನ್ನು ಹತ್ತನೆಯ ಸಲ ಹೇಳುತ್ತಿದ್ದಳು.

"ಈಗ ನಿನ್ನ ಹೆಸರು ಬರಿ ಅಕ್ಕ. ನಿಧಾನಕ್ಕೆ. ಅಕ್ಷರ ಎಲ್ಲಿದೆ ಅಂತ ನಾನು ಹೇಳ್ತೀನಿ."

ಹೇಳಬೇಕಾಗಲಿಲ್ಲ. ಅಕ್ಕನ ಎರಡೂ ಕೈ ತಾವಾಗಿಯೇ ಮೇಲೆದ್ದು ಕೀಬೋರ್ಡಿನ ನಡುಸಾಲಿನಲ್ಲಿ ಕೂತವು. ಹತ್ತು ಬೆರಳೂ ಒಟ್ಟಿಗೆ ಓಡಿದವು. ಅವಳು ಕೆಳಗೆ ನೋಡಲೂ ಇಲ್ಲ. ಪರದೆಯ ಮೇಲೆ ಮೂಡಿದ್ದು ಮಾತ್ರ ಯಾವ ಭಾಷೆಯದೂ ಅಲ್ಲದ ಒಂದು ಸಾಲು. ಬೆರಳುಗಳು ಅಗಲಕ್ಕೆ ಹರಡಿಕೊಂಡು, ಪ್ರತಿಯೊಂದೂ ಒಂದು ಅಕ್ಷರ ದಾಟಿ ಆಚೆ ಬಿದ್ದಿದ್ದವು.

ಅಕ್ಕನ ಕಿವಿ ಬಿಸಿಯಾಯಿತು. ತಂಗಿ ಶಾಲೆಗೆ ಹೋದ ಮೇಲೆ, ಅಂಗಡಿಗೆ ಹೊರಡುವ ಮುಂಚಿನ ಅರ್ಧ ಗಂಟೆ, ಬಾಗಿಲು ಹಾಕಿಕೊಂಡು, ಆ ರಟ್ಟನ್ನು ಹಾಸಿಗೆಯ ಮೇಲಿಟ್ಟುಕೊಂಡು ಐದು ತಿಂಗಳು ಕಲಿತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇವತ್ತು ಸಹಜವಾಗಿ ಎರಡು ಸಾಲು ಹೊಡೆದು, ಇದೇನು ಮಹಾ ಎಂದು ಎದ್ದುಬಿಡಬೇಕು ಎಂದುಕೊಂಡೇ ಬಂದಿದ್ದಳು. ಬೆರಳುಗಳೇ ಗುಟ್ಟು ಬಿಟ್ಟುಕೊಟ್ಟವು.

"ನನ್ನ ರಟ್ಟಿನ ಮೇಲೆ ಕಲಿತ್ಯಾ ಅಕ್ಕ?" ತಂಗಿ ಅವಳ ಕಿವಿಯ ಹತ್ತಿರ ಬಾಗಿ ಕೇಳಿದಳು.

ಆಗ ತಂಗಿ ಬೆನ್ನಿಗೆ ಕಟ್ಟಿದ್ದ ಕೈ ಬಿಚ್ಚಿ, ಆ ಕೋಣೆಯ ಒಂದೇ ನಿಯಮವನ್ನು ಎಲ್ಲರೆದುರಿಗೇ ಮುರಿದು, ಅಕ್ಕನ ಎರಡು ಕೈಗಳನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಸರಿಸಿದಳು. ಮೇಡಂ ದೂರದಿಂದ ನೋಡಿ, ಅಜ್ಜಿಯ ಕಡೆಗೆ ತಿರುಗಿಕೊಂಡರು. ಗುಂಡಿ ಹೊಲಿದು ಒರಟಾಗಿದ್ದ ಬೆರಳ ತುದಿಗಳ ಮೇಲೆ ತಂಗಿಯ ಕೈ ಒಂದಿಷ್ಟು ಹೊತ್ತು ಹಾಗೇ ಇತ್ತು. "ಇಷ್ಟೇ. ನಂಗಿಂತ ಬೇಗ ಬರುತ್ತೆ ನಿಂಗೆ," ಎಂದಳು. ಅಕ್ಕ ಮತ್ತೆ ಹೊಡೆದಳು. ಪರದೆಯ ಮೇಲೆ ಅವಳ ಹೆಸರು ಬಂತು, ಅದರ ಕೆಳಗೆ ತಂಗಿಯ ಹೆಸರು, ಅದರ ಕೆಳಗೆ ಅಮ್ಮನದು.

ತರಗತಿ ಮುಗಿದು ಚಹಾ ಬಂದಾಗ ಅಕ್ಕ ಚೀಲ ಎತ್ತಿಕೊಂಡು ವರಾಂಡಕ್ಕೆ ನಡೆದಳು. ಹೊಟ್ಟೆಕಿಚ್ಚು ಆರಿತ್ತೆಂದೇನೂ ಅಲ್ಲ. ಶಿಬಿರಕ್ಕೆ ಹದಿನೆಂಟು ವರ್ಷದೊಳಗಿನವರು ಮಾತ್ರ ಎಂದು ಫಾರಂನಲ್ಲೇ ಬರೆದಿತ್ತು, ಅವಳಿಗೆ ಇಪ್ಪತ್ತೊಂದು; ಅದನ್ನು ಓದಿದಾಗ ಈಗಲೂ ಒಳಗೆ ಚುರುಕ್ ಎಂದಿತು. ಆದರೂ ಬೆಂಚಿನ ಮೇಲೆ ಫಾರಂ ಇಟ್ಟು, ಪೋಷಕರ ಜಾಗದಲ್ಲಿ ಸಹಿ ಹಾಕಿದಳು. ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆದಳು. ಮನಸ್ಸು ತಡೆಯುವ ಮುಂಚೆ ಎದ್ದು, ಹಾಜರಿ ಪುಸ್ತಕ ತಿರುವುತ್ತಿದ್ದ ಮೇಡಂ ಹತ್ತಿರ ಹೋದಳು.

"ತಡ ಆಯ್ತು ಮೇಡಂ. ತಪ್ಪು ನಂದೇ, ಅವಳದ್ದಲ್ಲ."

ಮೇಡಂ ಫಾರಂ ನೋಡಿದರು. ಆಮೇಲೆ ಅವಳನ್ನು ನೋಡಿದರು. "ನಿಮಗೆ ಅವಳು ಹೇಳಿಲ್ವಾ? ನಿನ್ನೆ ಸಂಜೆನೇ ಬೇರೆ ಹುಡುಗಿ ಹೆಸರು ಕಳಿಸಿಬಿಟ್ವಿ. ನಿಮ್ಮ ತಂಗಿನೇ ಬಂದು, ನಾನು ಹೋಗಲ್ಲ ಅಂದ್ಲು. ಅಮ್ಮಂಗೆ ಪಾಳಿ ಇರುತ್ತೆ, ಅಕ್ಕ ಒಬ್ಬಳೇ ಅಂಗಡಿನೂ ಮನೆನೂ ನೋಡಬೇಕಾಗುತ್ತೆ, ಅವಳಿಗೆ ಕಷ್ಟ ಕೊಡಲ್ಲ ಅಂತ."

ಮೂರು ಸಲ ಕೇಳಿದರಂತೆ. ಮೂರು ಸಲವೂ ತಂಗಿ ತಲೆ ಎತ್ತಿಯೇ ಬೇಡ ಎಂದಳಂತೆ. ಹಾಗೆ ಬೇಡ ಎನ್ನುವುದನ್ನು ಕಲಿಸಿದವಳೇ ನಾನು, ಇನ್ನೇನು ಹೇಳಲಿ ಎಂದು ಮೇಡಂ ಸಣ್ಣಗೆ ನಕ್ಕರು. ಆ ಜಾಗ ಇಸ್ತ್ರಿ ಅಂಗಡಿಯವಳ ಮಗಳಿಗೆ ಹೋಗಿತ್ತು. ಬದಲಾಯಿಸಲು ಆಗುವುದೇ ಇಲ್ಲವೇ ಎಂದು ಅಕ್ಕ ಕೇಳಿದಳು. ಮೇಡಂ ಫಾರಂ ಅನ್ನು ಮಡಿಸಿ ಅವಳಿಗೇ ವಾಪಸು ಕೊಟ್ಟರು.

ಅವಳು ತಿರುಗುವಷ್ಟರಲ್ಲಿ ಇಸ್ತ್ರಿ ಅಂಗಡಿಯವಳು ಎದುರಿಗೇ ಬಂದು ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಟೈಲರ್ ಅಂಗಡಿಯ ಬಟ್ಟೆಗಳೆಲ್ಲ ಇಸ್ತ್ರಿಗೆ ಹೋಗುತ್ತಿದ್ದದ್ದು ಅವಳ ಹತ್ತಿರವೇ. ಐದು ವರ್ಷದ ಪರಿಚಯ. ಇವತ್ತು ಅವಳ ಮುಖ ಅಗಲವಾಗಿತ್ತು.

"ನಿನ್ನ ತಂಗಿ ಬಿಟ್ಟುಕೊಟ್ಟಳಂತೆ ಕಣಮ್ಮ. ಈಗಿನ ಕಾಲದಲ್ಲಿ ಯಾರು ಬಿಟ್ಟುಕೊಡ್ತಾರೆ ಹೇಳು? ನೀನು ನೋಡಿಕೊಂಡ ಹುಡುಗಿ ಅಲ್ವಾ, ಅದಕ್ಕೇ." ಕಣ್ಣು ಒರೆಸಿಕೊಂಡು ಹೆಬ್ಬೆರಳು ತೋರಿಸಿದಳು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಶಾಯಿ ಇತ್ತು. "ನಂಗೆ ಓದಕ್ಕೆ ಬರಲ್ಲ. ಏನು ಬರೆದವ್ರೆ ಅಂತಾನೂ ಕೇಳಲಿಲ್ಲ. ಮಗಳು ಹೋಗ್ತೀನಿ ಅಂದ್ಲು, ಒತ್ತಿಬಿಟ್ಟೆ."

ಅಕ್ಕ ತಲೆಯಾಡಿಸಿದಳು. ಒಳ್ಳೆಯದಾಯಿತು ಎಂದಳು. ಎಡಗೈಯಲ್ಲಿದ್ದ ಫಾರಂ ಕಾಣದ ಹಾಗೆ ಚೀಲದ ಹಿಂದಕ್ಕೆ ಸರಿಸಿಕೊಂಡಳು. ಹತ್ತು ಹೆಜ್ಜೆ ಆಚೆ, ಕೋಣೆಯೊಳಗೆ, ತಂಗಿ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು, ಎಲ್ಲವೂ ಅವಳಿಗೆ ಕೇಳಿಸಿರಬೇಕು. ಅವಳು ಈ ಕಡೆ ತಿರುಗಲಿಲ್ಲ. ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿ ನೇರ ಮಾಡಿ, ಪಕ್ಕದ ಮೇಜಿಗೆ ಹೋದಳು.