ಕ್ಲಾಂಪಿನ ಜಾಗದಲ್ಲಿ ಅಣ್ಣ

"ಗೋಡೆಗೆ ಡ್ರಿಲ್ ತಾಗಿಸಿ ನೋಡು, ಕೈ ಮುರಿದು ಕೈಗೇ ಕೊಡ್ತೀನಿ, ಬೋಳಿಮಗನೆ! ಮೊನ್ನೆ ತಾನೇ ಬಣ್ಣ ಹೊಡ್ಸಿದೀನಿ."

ಮನೆಯ ಯಜಮಾನ ಬಚ್ಚಲ ಬಾಗಿಲಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಮೂಗು ಮುಚ್ಚಿದ್ದರೂ ಬಾಯಿ ಮುಚ್ಚಿರಲಿಲ್ಲ.

"ಸಾರ್, ಮೇಲಿನ ಪೈಪನ್ನ ಕ್ಲಾಂಪ್ ಹಾಕಿ ಗೋಡೆಗೆ ಬಿಗೀದೆ ಕೆಳಗೆ ಕೊಯ್ಯೋಕಾಗಲ್ಲ. ಜಾರುತ್ತೆ. ಇಲ್ಲಾಂದ್ರೆ ಮಹಡಿಗೆ ಬಿಡಿ, ಅಲ್ಲಿಂದ ಹಗ್ಗ ಕಟ್ತೀವಿ," ಎಂದೆ ನಾನು.

"ಈ ಕೊಳಕು ಕಾಲಲ್ಲಿ ಮಹಡಿಗೆ? ಇಬ್ರು ಬಂದಿದೀರಲ್ಲ, ಒಬ್ಬ ಹಿಡ್ಕೊಳ್ಳಿ. ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

ಮಹಡಿಯ ಕಕ್ಕಸಿನಿಂದ ಇಳಿದ ಹಳೇ ಬೀಡುಕಬ್ಬಿಣದ ಪೈಪು ಅದು; ಕೆಳಗಿನ ತುಂಡು ಒಡೆದಿತ್ತು, ಬದಲಿಸಬೇಕಿತ್ತು. ಅಣ್ಣ ಗೋಣಿಚೀಲ ಮಡಿಸಿ ಹೆಗಲ ಮೇಲಿಟ್ಟುಕೊಂಡ. "ಇರ್ಲಿ ಬಿಡೋ, ನಾನ್ ಹಿಡ್ಕೋತೀನಿ. ಬೇಗ ಕೊಯ್ಯಿ."

ಅವನಿಗೆ ಐವತ್ತೆಂಟು. ಕ್ಲಾಂಪಿಲ್ಲದೆ ಕಟರ್ ಮುಟ್ಟಬೇಡ ಎಂದು ನನ್ನ ಕಿವಿ ಹಿಂಡಿ ಕೆಲಸ ಕಲಿಸಿದವನೂ ಅವನೇ. ಆದರೂ ನಾನು ಕೊಯ್ದೆ. ಬೇಡ ಎನ್ನುವ ಧೈರ್ಯ ಇಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ.

ಹೆಗಲೆತ್ತರದಲ್ಲೊಮ್ಮೆ, ಬುಡದಲ್ಲೊಮ್ಮೆ ಕೊಯ್ದು ಕೆಳಗಿನ ತುಂಡು ಎಳೆದೆ. ಅಣ್ಣ ಆ ಜಾಗಕ್ಕೆ ಹೆಗಲು ಕೊಟ್ಟ. ಮೇಲಿನ ಪೈಪು ಜಾರಿ ಅವನ ಮೇಲೆ ಕೂತಿತು. ಒಂದೂವರೆ ಮೂಟೆ ಸಿಮೆಂಟಿನ ಭಾರ.

ನಾವು ಕೂಗುವವರೆಗೆ ಮಹಡಿಯಲ್ಲಿ ನೀರು ಬಿಡಬೇಡಿ ಎಂದು ಬೆಳಿಗ್ಗೆಯೇ ಕೈಮುಗಿದು ಹೇಳಿದ್ದೆ. ಯಾರೋ ಫ್ಲಶ್ ಒತ್ತಿದರು. ಎಲ್ಲ ಅಣ್ಣನ ಕತ್ತು, ಬೆನ್ನು, ಎದೆಯ ಮೇಲೆ ಸುರಿಯಿತು. ಅವನು ಅಲುಗಲಿಲ್ಲ.

"ಥೂ! ಟೈಲ್ಸೆಲ್ಲ ಗಲೀಜು ಮಾಡಿದ್ರಲ್ಲೋ!" ಎಂದ ಯಜಮಾನ.

ನನಗೆ ಮೈ ಉರಿದುಹೋಯಿತು. ಡ್ರಿಲ್ ತೆಗೆದು ಅವನ ಹೊಸ ಬಣ್ಣಕ್ಕೇ ಚುಚ್ಚಿದೆ. ಅರ್ಧ ಬೆರಳು ಇಳಿದಿತ್ತು, ಡ್ರಿಲ್ ನಿಂತಿತು. ಪ್ಲಗ್ ಕಿತ್ತು, ಎಕ್ಸ್‌ಟೆನ್ಷನ್ ವಾಯರ್ ಸುತ್ತಿಕೊಂಡು ಯಜಮಾನ ಮೆಟ್ಟಿಲು ಹತ್ತಿದ್ದ. "ಮೊದ್ಲು ಪೈಪ್ ಹೊರಗೆ ಹಾಕ್ರೋ, ಆಮೇಲೆ ಕರೆಂಟು!"

ಅಣ್ಣನ ಬದಲು ನನ್ನ ಹೆಗಲು ಕೊಡಲು ಹೋದೆ. ಪೈಪು ವಾಲಿತು. ಕೈ ತೆಗೆದೆ.

"ಅಣ್ಣಾ, ಬಿಟ್ಬಿಡು. ಪಕ್ಕಕ್ಕೆ ನೆಗಿ. ಒಡೆದ್ರೆ ಒಡೀಲಿ ಅವನ ಮನೆ."

"ಕಾಲು ಮರಗಟ್ಟಿದೆ ಕಣೋ. ನೆಗೆಯೋಕಾಗಲ್ಲ."

ಮಹಡಿಯಲ್ಲಿ ಚಪ್ಪಲಿ ಸಪ್ಪಳ ಕಕ್ಕಸಿನ ಕಡೆಗೆ ನಡೆಯಿತು.

"ನೀರು ಬಿಡ್ಬೇಡ್ರೋ!" ಕಿರುಚಿದೆ.

ಚಿಲಕ ಬಿದ್ದ ಸದ್ದಾಯಿತು. ಅಣ್ಣ ಕಣ್ಣು, ಬಾಯಿ ಬಿಗಿಯಾಗಿ ಮುಚ್ಚಿಕೊಂಡ. ನಾನು ಪೈಪಿನ ಬಾಯಿಗೆ ಎರಡೂ ಅಂಗೈ ಒಡ್ಡಿ ನಿಂತೆ.