ಮೂರನೆಯ ಸಲಾಂ

ಮಲೇಶಿಯಾದ ಕೆಡಾ ರಾಜ್ಯದ ಒಂದು ಹಳ್ಳಿಯಲ್ಲಿ ಜಕಾರಿಯಾನ ಮನೆ ಮುಂದೆ, ರಂಬುಟಾನ್ ಮರದಡಿ, ಮೊಣಕಾಲೆತ್ತರದ ಒಂದು ಬಿದಿರಿನ ಅಟ್ಟಣೆಯಿತ್ತು. ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ಗೆಳೆಯ ಸಮದ್ ಬಂದು, ಕರೆಯದೆ ಕೇಳದೆ ಹತ್ತಿ ಕೂರುತ್ತಿದ್ದ. ಸೋಡಾ ಮುಚ್ಚಳಗಳೇ ಕಾಯಿ. ಇಬ್ಬರೂ ಚೌಕದಾಟಕ್ಕೆ ಬಿದ್ದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮರದ ನೆರಳು ಬಾವಿಕಟ್ಟೆ ಮುಟ್ಟಿದಾಗಲೇ ಏಳುವುದು.

"ಲೇ ಮುದುಕ, ಕಾಯಿ ಕದೀಬೇಡ!"

"ನಿನ್ನಂಥ ಪೆದ್ದನ ಹತ್ರ ಕದಿಯೋ ಗತಿ ನಂಗ್ಯಾಕೋ ಬಂತು?"

ಹೀಗೆ ಮೂವತ್ತು ವರ್ಷ.

ಹಜ್ ಮುಗಿಸಿ ಬಂದ ಜಕಾರಿಯಾನ ತಲೆಗೆ ಅದೆಂಥ ದೊಡ್ಡಸ್ತಿಕೆ ಹೊಕ್ಕಿತೋ! ಮರ ಕಡಿಸಿದ, ಅಟ್ಟಣೆ ಕಿತ್ತೆಸೆದ, ಟೈಲ್ಸ್ ಹಾಕಿದ ಜಗಲಿ ಕಟ್ಟಿಸಿದ. ಕೆತ್ತನೆಯ ಕುರ್ಚಿಗಳು, ಗೋಡೆಗೊಂದು ಗಡಿಯಾರ, ಮುಂದೆ ಕಬ್ಬಿಣದ ಗೇಟು. ಮೊದಲ ದಿನ ಸಮದ್ ಕಾಲು ತೊಳೆದು ಬಂದು ಕುರ್ಚಿಯ ತುದಿಯಲ್ಲಿ ಕೂತ. ಜಕಾರಿಯಾನ ಹೆಂಡತಿ ಕಪ್-ಸಾಸರಿನಲ್ಲಿ ಚಹಾ ತಂದಿಟ್ಟಳು. ಅವನು ಕುಡಿದು, ಗಡಿಯಾರ ನೋಡಿ, ಎದ್ದ.

"ಯಾಕೋ, ಆಟ ಬೇಡ್ವಾ?"

"ನೆಂಟರ ಮನೇಲಿ ಎಷ್ಟೊತ್ತು ಕೂರೋದು, ಹಾಜಿಯವರೇ?"

ಆ 'ಹಾಜಿಯವರೇ' ಕೇಳಿ ಜಕಾರಿಯಾನ ಮೈ ಉರಿಯಿತು. ಮರುದಿನದಿಂದ ಗೆಳೆಯನ ಸುಳಿವಿಲ್ಲ. 'ಹೊಟ್ಟೆಕಿಚ್ಚು ಅವನಿಗೆ. ಬೇಕಾದ್ರೆ ತಾನಾಗೇ ಬರ್ಲಿ' ಎಂದುಕೊಂಡು ಇವನು ಬಾಗಿಲು ಮುಚ್ಚಿ, ಏಸಿ ಹಾಕಿ, ಟೀವಿ ಮುಂದೆ ಕೂತ. ಸಂಜೆಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಎಷ್ಟು ಸಲ ಗಡಿಯಾರ ನೋಡಿದರೂ ಐದು ಗಂಟೆಯೇ.

ನಾಲ್ಕು ತಿಂಗಳಿಗೆ ಸಮದ್ ಎದೆನೋವಿನಿಂದ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಸಮದ್‌ನ ಹೆಂಡತಿ ಮೇರಿಯಂ ಕೇಳಿದಳು: "ಅಣ್ಣಾ, ನಮ್ಮೋರ ಮೇಲೆ ನಿಮಗೆ ಅಂಥ ಕೋಪ ಏನಿತ್ತು?"

"ನಂಗಾ? ಅವನೇ ಬರೋದು ಬಿಟ್ಟನಲ್ಲಮ್ಮ!"

"ಬಿಟ್ರಾ? ಒಂದು ತಿಂಗಳು ದಿನಾ ಮುಚ್ಚಳದ ಡಬ್ಬಿ ಹಿಡ್ಕೊಂಡು ಬಂದಿದ್ರು. ಗೇಟ್ ಹತ್ರ ಮೂರು ಸಲ ಸಲಾಂ ಹೇಳಿ ವಾಪಸಾಗೋರು. ಮೂರಕ್ಕೂ ಉತ್ತರ ಬರ್ದಿದ್ರೆ ಹೊರಟುಬಿಡ್ಬೇಕು ಕಣೇ, ನಾಲ್ಕನೇದು ಹೇಳ್ಬಾರ್ದು ಅಂತಿದ್ರು."

"ನಂಗೆ ಕೇಳಿಸ್ಲೇ ಇಲ್ಲಮ್ಮ..." ಎಂದ ಜಕಾರಿಯಾ.

ಮರುದಿನ ಅಸರ್ ಆದ ಮೇಲೆ ಜಕಾರಿಯಾ ಹಸಿ ಗೋರಿಯ ಪಕ್ಕ ನೆಲದ ಮೇಲೆಯೇ ಕುಕ್ಕರಿಸಿದ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದು ಬಿಕ್ಕಿ ಬಿಕ್ಕಿ ಅತ್ತ. ಒಂದು ಸಲಾಂ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರನೆಯದಕ್ಕೆ ಬಾಯಿ ಬರಲಿಲ್ಲ. ಅದನ್ನು ಹೇಳಿದರೆ ಎದ್ದು ಹೊರಡಬೇಕಲ್ಲ.